ನೂರಕ್ಕೆ ನೂರು: ರುಬೆಲ್ಲಾ ಪರೀಕ್ಷೆಗಳನ್ನು ತಾಳೆ ನೋಡುವ ಸುಲಭ ಕೈಪಿಡಿ

ರುಬೆಲ್ಲಾ ಪ್ರತಿಕಾಯವನ್ನು ಪತ್ತೆಹಚ್ಚುವ ಎರಡು ವಿಧಾನಗಳಲ್ಲಿ ಯಾವುದು ಹೆಚ್ಚು ನಿಖರ ಎಂದು ಕಂಡುಹಿಡಿಯುವುದು ಕಷ್ಟದ ಕೆಲಸ. ಯಾವುದು ನಿಖರ ಎಂದು ಮೊದಲೇ ತೀರ್ಮಾನಿಸಿಕೊಂಡು ಆಮೇಲೆ ಹೋಲಿಸುವುದು ಸುಲಭ. ಈ ಕೈಪಿಡಿ ಸುಲಭದ ದಾರಿ ಹಿಡಿದವರಿಗಾಗಿ. ಪ್ರಬಂಧ ಒಪ್ಪಿಸಬೇಕಾದ ಸ್ನಾತಕೋತ್ತರ ವಿದ್ಯಾರ್ಥಿ, ಹೊಸ ಯಂತ್ರ ಕೊಂಡು ಅದಕ್ಕೆ ಸಮರ್ಥನೆ ಹುಡುಕುತ್ತಿರುವ ಲ್ಯಾಬ್ ಮಾಲೀಕ, ತಿಂಗಳ ಟಾರ್ಗೆಟ್ ಮುಟ್ಟಬೇಕಾದ ಕಿಟ್ ಮಾರಾಟಗಾರ, ಮೂವರೂ ಇದನ್ನು ಧೈರ್ಯವಾಗಿ ಬಳಸಬಹುದು. ಮೂವರಿಗೂ ಬೇಕಾದದ್ದು ಒಂದೇ ಅಂಕಿ.

ಬೇಕಾಗುವ ಸಾಮಗ್ರಿ: ಒಂದು ಹಳೆಯ ವಿಧಾನ, ಒಂದು ಹೊಸ ಕಿಟ್, ಫ್ರೀಜರ್‌ನಲ್ಲಿ ಇಟ್ಟು ಮರೆತ ನೂರು ಸೀರಮ್ ಮಾದರಿ, ಹೇಳಿದ ಮಾತು ಕೇಳುವ ಒಬ್ಬ ತಂತ್ರಜ್ಞ, ಒಂದು ಪೆನ್ಸಿಲ್, ಒಂದು ಒಳ್ಳೆಯ ರಬ್ಬರ್. ಗರ್ಭಿಣಿಯರು ಬೇಕಾಗಿಲ್ಲ.

ಹಂತ 1: ಪೀಠಿಕೆಯಲ್ಲಿ ಕಣ್ಣೀರು ತರಿಸಿ

ಮೊದಲ ಪುಟವನ್ನು ಗಂಭೀರವಾಗಿ ಬರೆಯಿರಿ. 1941ರಲ್ಲಿ ಆಸ್ಟ್ರೇಲಿಯಾದ ಕಣ್ಣಿನ ವೈದ್ಯ ನಾರ್ಮನ್ ಗ್ರೆಗ್, ಹುಟ್ಟುವಾಗಲೇ ಕಣ್ಣಿನ ಪೊರೆ ಹೊತ್ತು ಬಂದ ಶಿಶುಗಳ ತಾಯಂದಿರಿಗೆ ಬಸುರಿನ ಮೊದಲ ತಿಂಗಳುಗಳಲ್ಲಿ ರುಬೆಲ್ಲಾ ಬಂದಿತ್ತೆಂಬುದನ್ನು ಗುರುತಿಸಿದ್ದನ್ನು ಹೇಳಿ. 1964-65ರಲ್ಲಿ ಅಮೆರಿಕದಲ್ಲಿ ಸುಮಾರು 1.25 ಕೋಟಿ ಜನರಿಗೆ ರುಬೆಲ್ಲಾ ತಗುಲಿ, ಸುಮಾರು 20,000 ಮಕ್ಕಳು ಜನ್ಮಜಾತ ರುಬೆಲ್ಲಾದ ಗುರುತು ಹೊತ್ತು ಹುಟ್ಟಿದ್ದನ್ನು ಬರೆಯಿರಿ. ಕಿವುಡು, ಹೃದಯದ ದೋಷ, ಕಣ್ಣಿನ ಪೊರೆ, ಯಾವುದನ್ನೂ ಬಿಡಬೇಡಿ. ಮೊದಲ ಹನ್ನೆರಡು ವಾರಗಳಲ್ಲಿ ಸೋಂಕು ತಗುಲಿದರೆ ಮಗುವಿಗೆ ಹಾನಿಯಾಗುವ ಸಂಭವ ಶೇ. 90ರವರೆಗೂ ಇರುತ್ತದೆ ಎಂಬುದನ್ನು ದಪ್ಪ ಅಕ್ಷರದಲ್ಲಿ ಹಾಕಿ.

ಇಷ್ಟಾದ ಮೇಲೆ ತಾಯಿ ಮತ್ತು ಮಗುವಿಗೆ ಎಳ್ಳುನೀರು ಬಿಡಿ. ಮುಂದಿನ ಯಾವ ಪುಟದಲ್ಲೂ ಅವರ ಹೆಸರೆತ್ತಬೇಡಿ. ಇನ್ನು ಮುಂದೆ ನಿಮ್ಮೆದುರು ಇರುವುದು ಮಾದರಿಗಳು ಮಾತ್ರ.

ಹಂತ 2: ಸೋಲಲು ಒಪ್ಪುವ ಎದುರಾಳಿಯನ್ನು ಆರಿಸಿ

ಹೊಸ ಕಿಟ್ಟನ್ನು ಯಾವುದಕ್ಕೆ ಹೋಲಿಸುತ್ತೀರಿ ಎನ್ನುವುದರಲ್ಲೇ ಅರ್ಧ ಫಲಿತಾಂಶ ಅಡಗಿದೆ. ಆದ್ದರಿಂದ ಆತುರಪಡಬೇಡಿ.

ತಟಸ್ಥೀಕರಣ ಪರೀಕ್ಷೆಯ ತಂಟೆಗೆ ಹೋಗಬೇಡಿ. ಅದಕ್ಕೆ ಜೀವಂತ ವೈರಸ್ ಬೇಕು, ಜೀವಕೋಶಗಳನ್ನು ಬೆಳೆಸಬೇಕು, ದಿನಗಟ್ಟಲೆ ಕಾಯಬೇಕು. ಅದಕ್ಕಿಂತ ದೊಡ್ಡ ತೊಂದರೆಯೆಂದರೆ ಅದು ಅಸಲು ಪ್ರಶ್ನೆಯನ್ನೇ ಕೇಳಿಬಿಡುತ್ತದೆ: ಈ ರಕ್ತದಲ್ಲಿರುವ ಪ್ರತಿಕಾಯ ವೈರಸ್ಸನ್ನು ನಿಜವಾಗಿ ತಡೆಯುತ್ತದೆಯೇ? ನಿಮಗೆ ಅಂಥ ಪ್ರಶ್ನೆಯ ಅಗತ್ಯವಿಲ್ಲ.

1967ರಲ್ಲಿ ಬಂದ ಹೀಮಾಗ್ಲುಟಿನೇಷನ್ ಇನ್ಹಿಬಿಷನ್ ಪರೀಕ್ಷೆಯನ್ನು ಹಿಡಿಯಿರಿ. ಎಲ್ಲರೂ ಎಚ್‌ಐ ಎಂದು ಕರೆಯುವ ಈ ವಿಧಾನ ದಶಕಗಳ ಕಾಲ ಹಿರಿಯನ ಸ್ಥಾನದಲ್ಲಿ ಕುಳಿತಿತ್ತು. ಹಿರಿಯರಿಗೆ ಇರಬೇಕಾದ ದೌರ್ಬಲ್ಯಗಳೆಲ್ಲ ಇದಕ್ಕೂ ಇವೆ. ರುಬೆಲ್ಲಾ ವೈರಸ್ಸು ಕೋಳಿಮರಿಯಂಥ ಹಕ್ಕಿಗಳ ಕೆಂಪು ರಕ್ತಕಣಗಳನ್ನು ಒಂದಕ್ಕೊಂದು ಅಂಟಿಸುತ್ತದೆ. ಸೀರಮ್‌ನಲ್ಲಿ ಪ್ರತಿಕಾಯವಿದ್ದರೆ ಅಂಟುವುದು ನಿಲ್ಲುತ್ತದೆ. ಆದರೆ ಸೀರಮ್‌ನಲ್ಲಿರುವ ಕೆಲವು ಕೊಬ್ಬಿನ ಪ್ರೋಟೀನುಗಳೂ ಪ್ರತಿಕಾಯದ ವೇಷ ಹಾಕಿ ಅದೇ ಕೆಲಸ ಮಾಡುತ್ತವೆ. ಅವನ್ನು ತೆಗೆಯಲು ಕೆಯೋಲಿನ್ ಎಂಬ ಬಿಳಿ ಜೇಡಿಯನ್ನು ಬೆರೆಸಬೇಕು. ಬೆರೆಸಿದ್ದು ಸಾಲದಿದ್ದರೆ ಪ್ರತಿಕಾಯ ಇಲ್ಲದವರಿಗೂ ಇದೆ ಎಂದು ಬರುತ್ತದೆ. ಜೇಡಿ ಒಮ್ಮೊಮ್ಮೆ ಅಸಲಿ ಪ್ರತಿಕಾಯವನ್ನೂ ಜೊತೆಗೆ ಎಳೆದುಕೊಂಡು ಹೋಗುತ್ತದೆ. ಇದು ನಿಮಗೆ ವರ. ಹೊಸ ಕಿಟ್ಟು ಎಚ್‌ಐಗೆ ಹೊಂದಿದರೆ ‘ಮಾನದಂಡಕ್ಕೆ ಸರಿಸಮ’ ಎಂದು ಬರೆಯಿರಿ. ಹೊಂದದಿದ್ದರೆ ‘ಹಳೆಯ ವಿಧಾನದ ಮಿತಿಗಳು ಸುಪರಿಚಿತ’ ಎಂದು ಬರೆಯಿರಿ. ಎರಡೂ ವಾಕ್ಯಗಳನ್ನು ಒಂದೇ ಪುಟದಲ್ಲಿ ಹಾಕಬೇಡಿ.

ಎಚ್‌ಐ ಮಾಡಲು ಕೈ ಪಳಗಿದವರು ಸಿಗದಿದ್ದರೆ, ಹೊಸ ಎಲೈಸಾ ಕಿಟ್ಟನ್ನು ಅದೇ ಕಂಪನಿಯ ಹಳೆಯ ಎಲೈಸಾ ಕಿಟ್ಟಿನೊಂದಿಗೆ ಹೋಲಿಸಿ. ಇಬ್ಬರೂ ಒಂದೇ ತಪ್ಪನ್ನು ಒಟ್ಟಿಗೇ ಮಾಡುವುದರಿಂದ ಹೊಂದಾಣಿಕೆ ಸೊಗಸಾಗಿ ಬರುತ್ತದೆ.

ಹಂತ 3: ಮಾದರಿಗಳನ್ನು ಹೆಣ್ಣು ನೋಡುವ ಶ್ರದ್ಧೆಯಿಂದ ಆರಿಸಿ

ಪರೀಕ್ಷೆಯ ನಿಖರತೆ ಕಿಟ್ಟಿನಲ್ಲಿಲ್ಲ, ಫ್ರೀಜರ್‌ನಲ್ಲಿದೆ. ಪಾಸಿಟಿವ್ ಮಾದರಿಗಳಿಗಾಗಿ, ರುಬೆಲ್ಲಾ ಬಂದು ವಾಸಿಯಾಗಿ ಒಂದೆರಡು ತಿಂಗಳು ಕಳೆದ ಗಟ್ಟಿಮುಟ್ಟಾದ ಜನರ ರಕ್ತ ಆರಿಸಿ. ಅವರಲ್ಲಿ ಬಹುಕಾಲ ಉಳಿಯುವ ಐಜಿಜಿ ಎಂಬ ಪ್ರತಿಕಾಯ ಏರಿ ನಿಂತಿರುತ್ತದೆ. ಅದನ್ನು ಕಂಡುಹಿಡಿಯದ ಕಿಟ್ಟು ಈ ಲೋಕದಲ್ಲಿ ಇಲ್ಲ. ನೆಗೆಟಿವ್ ಮಾದರಿಗಳಿಗಾಗಿ, ತಾಯಿಯಿಂದ ಬಂದ ಪ್ರತಿಕಾಯ ಕರಗಿ, ಲಸಿಕೆ ಇನ್ನೂ ಬೀಳದ ಕೂಸುಗಳ ರಕ್ತ ಸಿಕ್ಕರೆ ಶ್ರೇಷ್ಠ.

ಈ ಕೆಳಗಿನವರನ್ನು ಹತ್ತಿರ ಸೇರಿಸಬೇಡಿ. ಕೀಲುವಾತದವರು ಬೇಡ, ಅವರ ರಕ್ತದ ರುಮಟಾಯ್ಡ್ ಫ್ಯಾಕ್ಟರ್, ಹೊಸ ಸೋಂಕನ್ನು ಸೂಚಿಸುವ ಐಜಿಎಂ ಪ್ರತಿಕಾಯದ ಪರೀಕ್ಷೆಯನ್ನು ಮೋಸಗೊಳಿಸುತ್ತದೆ. ಈಚೆಗೆ ಪಾರ್ವೋವೈರಸ್ ಬಿ19 ಅಥವಾ ಎಪ್ಸ್ಟೀನ್-ಬಾರ್ ವೈರಸ್ ತಗುಲಿದವರು ಬೇಡ, ಅವರಲ್ಲೂ ರುಬೆಲ್ಲಾ ಐಜಿಎಂ ಸುಳ್ಳುಸುಳ್ಳೇ ಪಾಸಿಟಿವ್ ಬರಬಹುದು. ದದ್ದು ಎದ್ದು ಒಂದೆರಡು ದಿನವಷ್ಟೇ ಆದವರು ಬೇಡ, ಅವರಲ್ಲಿ ಐಜಿಎಂ ಇನ್ನೂ ತಲೆ ಎತ್ತಿರದೆ ಇರಬಹುದು. ಬಸುರಿಯರು ಬೇಡವೇ ಬೇಡ. ಪರೀಕ್ಷೆ ಇರುವುದು ಅವರಿಗಾಗಿಯೇ ಎಂಬುದು ನಿಜ. ಆದರೆ ಅವರನ್ನು ಸೇರಿಸಿಕೊಂಡರೆ ಅಧ್ಯಯನ ಗೋಜಲಾಗುತ್ತದೆ.

ಕರ್ನಾಟಕದ ಓದುಗರು ಇನ್ನೊಂದು ಗುಂಪಿನ ಬಗ್ಗೆಯೂ ಎಚ್ಚರ ವಹಿಸಿ. 2017ರ ಫೆಬ್ರವರಿ 5ರಂದು ದಡಾರ-ರುಬೆಲ್ಲಾ ಲಸಿಕೆ ಅಭಿಯಾನ ದೇಶದಲ್ಲಿ ಮೊದಲಿಗೆ ಶುರುವಾದದ್ದು ಕರ್ನಾಟಕ, ತಮಿಳುನಾಡು, ಪುದುಚೇರಿ, ಗೋವಾ ಮತ್ತು ಲಕ್ಷದ್ವೀಪಗಳಲ್ಲಿ. ಒಂಬತ್ತು ತಿಂಗಳಿಂದ ಹದಿನೈದು ವರ್ಷದೊಳಗಿನ ಮಕ್ಕಳೆಲ್ಲ ಶಾಲೆ, ಅಂಗನವಾಡಿಗಳಲ್ಲಿ ಸಾಲುಗಟ್ಟಿ ತೋಳು ಕೊಟ್ಟರು. ಆ ಸಾಲಿನ ದೊಡ್ಡ ಹುಡುಗಿಯರು ಈಗ ತಾಯಂದಿರಾಗುವ ವಯಸ್ಸಿಗೆ ಬಂದಿದ್ದಾರೆ. ಲಸಿಕೆಯಿಂದ ಹುಟ್ಟಿದ ಪ್ರತಿಕಾಯದ ಮಟ್ಟ ರೋಗ ಬಂದು ಹುಟ್ಟಿದ್ದಕ್ಕಿಂತ ಸಾಮಾನ್ಯವಾಗಿ ಕಡಿಮೆ. ಅಂದರೆ ನಾಳೆ ನಿಮ್ಮ ಲ್ಯಾಬಿನ ಬಾಗಿಲಿಗೆ ಬರುವ ರಕ್ತ ಹೆಚ್ಚು ಹೆಚ್ಚಾಗಿ ಪಾಸಿಟಿವ್-ನೆಗೆಟಿವ್ ಬೇರ್ಪಡಿಸುವ ಗೆರೆಯ ಆಸುಪಾಸಿನದು. ನಿಮ್ಮ ಕಿಟ್ಟಿನ ನಿಜವಾದ ಪರೀಕ್ಷೆ ಆಗುವುದು ಇವರ ಮೇಲೆಯೇ. ಆದ್ದರಿಂದ ಅಧ್ಯಯನವನ್ನು ಬೇಗ ಮುಗಿಸಿ.

ಹಂತ 4: ಓದುವವರ ಕಣ್ಣು ಕಟ್ಟಬೇಡಿ

ಎರಡೂ ಪರೀಕ್ಷೆಗಳನ್ನು ಒಬ್ಬನೇ ತಂತ್ರಜ್ಞನಿಗೆ ಒಪ್ಪಿಸಿ. ಹೊಸ ಕಿಟ್ಟಿನ ಫಲಿತಾಂಶದ ಹಾಳೆಯನ್ನು ಅವನ ಎಡಗೈ ಪಕ್ಕದಲ್ಲೇ ಇಡಿ. ಎಚ್‌ಐ ತಟ್ಟೆಯಲ್ಲಿ ಪ್ರತಿಕಾಯವಿದ್ದ ಗುಳಿಯ ತಳದಲ್ಲಿ ರಕ್ತಕಣಗಳು ಗುಂಡಿಯಂತೆ ಕೂರುತ್ತವೆ; ಇಲ್ಲದಿದ್ದರೆ ಚಾಪೆಯಂತೆ ಹರಡುತ್ತವೆ. ಅರ್ಧ ಗುಂಡಿ, ಅರ್ಧ ಚಾಪೆಯಾಗಿರುವ ಗುಳಿಗಳೂ ಇರುತ್ತವೆ. ಅಂಥಲ್ಲಿ ತಂತ್ರಜ್ಞ ಒಮ್ಮೆ ಹಾಳೆಯತ್ತ ನೋಡಿ ತೀರ್ಮಾನಿಸಲಿ.

ಸೀರಮ್ಮನ್ನು 1:8, 1:16, 1:32 ಎಂದು ದುಪ್ಪಟ್ಟು ತೆಳುವಾಗಿಸುತ್ತ ಹೋಗುವ ಈ ವಿಧಾನದಲ್ಲಿ ಒಂದು ಮೆಟ್ಟಿಲು ಹಿಂದುಮುಂದಾಗುವುದು ಸಹಜವೆಂದು ಎಲ್ಲರೂ ಒಪ್ಪುತ್ತಾರೆ. ಹೊಸ ಸೋಂಕು ಎನ್ನಲು ಮೊದಲ ರಕ್ತಕ್ಕೂ ಎರಡು ಮೂರು ವಾರದ ನಂತರದ ರಕ್ತಕ್ಕೂ ನಡುವೆ ನಾಲ್ಕು ಪಟ್ಟು ಏರಿಕೆ ಕೇಳುವುದು ಇದೇ ಕಾರಣಕ್ಕೆ. ನೀವು ಒಂದು ಮೆಟ್ಟಿಲನ್ನು ಬೇಕಾದಾಗ ಸಹಜ ಎನ್ನಿ, ಬೇಕಾದಾಗ ಮಹತ್ವದ್ದು ಎನ್ನಿ. ಫಲಿತಾಂಶ ಪೆನ್ಸಿಲ್‌ನಲ್ಲೇ ಬರೆಯಿರಿ.

ಹಂತ 5: ಗೆರೆಯನ್ನು ಕೊನೆಯಲ್ಲಿ ಎಳೆಯಿರಿ

ಐಜಿಜಿ ಪ್ರತಿಕಾಯ ಎಷ್ಟಿದ್ದರೆ ರಕ್ಷಣೆ ಇದೆ ಎನ್ನಬೇಕು? ಒಂದು ಕಾಲದಲ್ಲಿ ಪ್ರತಿ ಮಿಲಿಲೀಟರಿಗೆ 15 ಅಂತರರಾಷ್ಟ್ರೀಯ ಯೂನಿಟ್ ಎನ್ನುತ್ತಿದ್ದರು. ಆಮೇಲೆ 10ಕ್ಕೆ ಇಳಿಸಿದರು. ಎರಡಕ್ಕೂ ಆಧಾರ ಸಿಗುತ್ತದೆ. ಮೊದಲು ಎಲ್ಲ ಮಾದರಿಗಳನ್ನು ಪರೀಕ್ಷಿಸಿ. ಅಂಕಿಗಳನ್ನು ಎದುರಿಗೆ ಹರಡಿಕೊಂಡು, ಯಾವ ಗೆರೆಯಲ್ಲಿ ನಿಮ್ಮ ಕಿಟ್ಟು ಚೆನ್ನಾಗಿ ಕಾಣುತ್ತದೋ ಅದನ್ನು ಆಯ್ದು, ‘ಪೂರ್ವನಿರ್ಧಾರಿತ’ ಎಂಬ ಪದವನ್ನು ಪಕ್ಕದಲ್ಲಿ ಸೇರಿಸಿ.

ಬೇರೆ ಬೇರೆ ಕಿಟ್ಟುಗಳು ಒಂದೇ ರಕ್ತಕ್ಕೆ ಬೇರೆ ಬೇರೆ ಅಂಕಿ ಕೊಡುವುದನ್ನು ಕಂಡು ಗಾಬರಿಯಾಗಬೇಡಿ. ಬಹುತೇಕ ಕಿಟ್ಟುಗಳು ವಿಶ್ವ ಆರೋಗ್ಯ ಸಂಸ್ಥೆಯ ಒಂದೇ ಮಾನಕಕ್ಕೆ ಅಳತೆ ಕಟ್ಟಿಕೊಂಡವೇ. ಆದರೆ ಒಂದು ಕಿಟ್ಟು ಇಡೀ ವೈರಸ್ಸನ್ನು ತಟ್ಟೆಗೆ ಬಳಿದಿರುತ್ತದೆ, ಇನ್ನೊಂದು ಅದರ ಒಂದೆರಡು ಪ್ರೋಟೀನುಗಳನ್ನಷ್ಟೇ ಬಳಿದಿರುತ್ತದೆ. ಒಬ್ಬೊಬ್ಬರ ಪ್ರತಿಕಾಯ ಒಂದೊಂದಕ್ಕೆ ಒಂದೊಂದು ಬಗೆಯಲ್ಲಿ ಅಂಟುತ್ತದೆ. ಯೂನಿಟ್ಟಿನ ಹೆಸರು ಒಂದೇ ಆಗಿರುವವರೆಗೆ ಓದುಗರು ಅಷ್ಟು ಆಳಕ್ಕೆ ಇಳಿಯುವುದಿಲ್ಲ. ದಶಮಾಂಶದ ನಂತರ ಎರಡು ಸ್ಥಾನ ಕೊಡಿ. 11.37 ಎಂಬ ಅಂಕಿಯನ್ನು ಪ್ರಶ್ನಿಸುವ ಎದೆಗಾರಿಕೆ ಯಾರಿಗೂ ಇರುವುದಿಲ್ಲ.

ಹಂತ 6: 84ನ್ನು 100 ಮಾಡಿ

ಈಗ ಕೈಪಿಡಿಯ ಮುಖ್ಯ ಭಾಗ. ಪೆನ್ಸಿಲ್ ಕೈಗೆ ತೆಗೆದುಕೊಳ್ಳಿ.

ನೂರು ಮಾದರಿಗಳಲ್ಲಿ 84 ಎರಡೂ ವಿಧಾನಗಳಲ್ಲಿ ಹೊಂದಿದವು, ಆರು ಹೊಂದಲಿಲ್ಲ, ಹತ್ತು ಹೊಸ ಕಿಟ್ಟಿನಲ್ಲಿ ಅತ್ತ ಪಾಸಿಟಿವೂ ಅಲ್ಲ, ಇತ್ತ ನೆಗೆಟಿವೂ ಅಲ್ಲ ಎಂದು ಬಂದವು ಎಂದಿಟ್ಟುಕೊಳ್ಳಿ. ಕಿಟ್ಟಿನ ಯೋಗ್ಯತೆ ಸದ್ಯಕ್ಕೆ ಶೇ. 84. ಇದನ್ನು ಯಾರಿಗೂ ತೋರಿಸಬೇಡಿ.

ಮೊದಲು, ಅಡ್ಡಗೋಡೆಯ ಮೇಲಿನ ಆ ಹತ್ತನ್ನು ಪಕ್ಕಕ್ಕಿಡಿ. ‘ಅನಿರ್ಧಾರಿತ ಫಲಿತಾಂಶಗಳನ್ನು ವಿಶ್ಲೇಷಣೆಯಿಂದ ಕೈಬಿಡಲಾಗಿದೆ’ ಎಂಬ ವಾಕ್ಯ ಸಾಕು. ಕಿಟ್ಟು ಉತ್ತರ ಕೊಡಲಾರದೆ ಹೋದ ಕಡೆಗಳನ್ನೆಲ್ಲ ಬಿಟ್ಟರೆ, ಉಳಿದ 90ರಲ್ಲಿ 84 ಸರಿ. ಶೇ. 93 ಬಂತು.

ಎರಡನೆಯದಾಗಿ, ಹೊಂದದ ಆರನ್ನು ಮಾತ್ರ ಮೂರನೆಯ ವಿಧಾನದಲ್ಲಿ ಮತ್ತೆ ಪರೀಕ್ಷಿಸಿ. ಲೇಟೆಕ್ಸ್ ಆದರೂ ಸರಿ, ಇಮ್ಯುನೊಬ್ಲಾಟ್ ಆದರೂ ಸರಿ. ಮೂರನೆಯವನು ಹೊಸ ಕಿಟ್ಟಿನ ಪರ ನಿಂತ ಕಡೆಯಲ್ಲೆಲ್ಲ ಹಳೆಯದರ ತಪ್ಪು ಎಂದು ತಿದ್ದಿ. ಆರರಲ್ಲಿ ನಾಲ್ಕು ನಿಮ್ಮ ಕಡೆ ಬಂದವೆನ್ನಿ: 90ರಲ್ಲಿ 88, ಸುಮಾರು ಶೇ. 98. ಹೊಂದಿದ 84ನ್ನು ಯಾವ ಕಾರಣಕ್ಕೂ ಮತ್ತೆ ಪರೀಕ್ಷಿಸಬೇಡಿ. ಎರಡೂ ವಿಧಾನಗಳು ಜೊತೆಯಾಗಿ ತಪ್ಪಿದ್ದು ಅಲ್ಲಿ ಅಡಗಿರಬಹುದು. ಈ ಉಪಾಯದ ಸೊಬಗೆಂದರೆ ಅಂಕಿ ಮೇಲೆ ಹೋಗಬಹುದೇ ಹೊರತು ಕೆಳಗಿಳಿಯುವ ದಾರಿಯೇ ಇಲ್ಲ. ಮೂರನೆಯ ಪರೀಕ್ಷೆಯ ಬದಲು ನಾಣ್ಯ ಚಿಮ್ಮಿದರೂ ಲಾಭವೇ. ಸಂಖ್ಯಾಶಾಸ್ತ್ರಜ್ಞರು ಇದನ್ನು ಬಹಳ ಕಾಲದಿಂದ ಬೈಯುತ್ತಲೇ ಇದ್ದಾರೆ. ಅವರು ನಿಮ್ಮ ಕಾಲೇಜಿನ ಸಮಿತಿಯಲ್ಲಿ ಇಲ್ಲ ಎಂಬುದನ್ನು ಮಾತ್ರ ಖಚಿತಪಡಿಸಿಕೊಳ್ಳಿ.

ಮೂರನೆಯದಾಗಿ, ಉಳಿದ ಎರಡು ಮಾದರಿಗಳ ಟ್ಯೂಬನ್ನು ಬೆಳಕಿಗೆ ಹಿಡಿದು ನೋಡಿ. ನೋಡಿದಾಗ ಸೀರಮ್ ಕೊಂಚ ಕೆಂಪಗಿದೆ ಎನ್ನಿಸುತ್ತದೆ. ಹಿಂದಿನ 98ರಲ್ಲೂ ಕೆಂಪಗಿನವು ಇದ್ದವು, ಆದರೆ ಆಗ ನೀವು ನೋಡಿರಲಿಲ್ಲ. ‘ರಕ್ತಕಣ ಒಡೆದ ಕಾರಣ ಕೈಬಿಡಲಾಗಿದೆ’ ಎಂದು ಬರೆಯಿರಿ. ಈಗ 88ರಲ್ಲಿ 88. ನೂರಕ್ಕೆ ನೂರು. ಕಿಟ್ಟನ್ನು ಮುಟ್ಟದೆಯೇ ಅದನ್ನು ಸುಧಾರಿಸಿದಿರಿ.

ಹಂತ 7: ಅಂಕಿಗಳಿಗೆ ಅಲಂಕಾರ ಮಾಡಿ

ಶೇಕಡಾ ಹೊಂದಾಣಿಕೆಯನ್ನಷ್ಟೇ ಹೇಳಿ, ಕಪ್ಪಾ ಎಂಬ ಅಳತೆಯನ್ನು ಹೇಳಬೇಡಿ. ಕಾರಣ ಸರಳ. ನೂರು ಜನ ವಯಸ್ಕರಲ್ಲಿ ತೊಂಬತ್ತು ಮಂದಿಗೆ ರುಬೆಲ್ಲಾ ಪ್ರತಿಕಾಯ ಮೊದಲೇ ಇದೆ ಎಂದುಕೊಳ್ಳಿ. ನೀವು ಬಣ್ಣದ ನೀರನ್ನು ಬಾಟಲಿಗೆ ತುಂಬಿ, ಎಲ್ಲರಿಗೂ ಕಣ್ಣುಮುಚ್ಚಿ ‘ಪಾಸಿಟಿವ್’ ಎಂದು ಸಾರಿದರೂ ಶೇ. 90 ಹೊಂದಾಣಿಕೆ ಸಿಗುತ್ತದೆ. ಅದೃಷ್ಟಕ್ಕೆ ಸಲ್ಲಬೇಕಾದ್ದನ್ನು ಕಳೆದು ಲೆಕ್ಕ ಹಾಕುವ ಕಪ್ಪಾ, ಅದೇ ಬಾಟಲಿಗೆ ಸೊನ್ನೆ ಕೊಡುತ್ತದೆ. ಇಷ್ಟು ಕಟುವಾದ ಅಳತೆಯನ್ನು ಸಭ್ಯರು ಬಳಸಬಾರದು. ರಕ್ಷಣೆ ಇಲ್ಲದ ಆ ಹತ್ತು ಮಂದಿಯನ್ನು ಹುಡುಕುವುದೇ ಪರೀಕ್ಷೆಯ ಉದ್ದೇಶವಾಗಿತ್ತಲ್ಲ ಎಂದು ಯಾರಾದರೂ ಕೇಳಿದರೆ, ಚಹಾ ತರಿಸಿ.

ಎರಡು ಕಿಟ್ಟುಗಳ ಅಂಕಿಗಳನ್ನು ಗ್ರಾಫಿನ ಮೇಲೆ ಚುಕ್ಕಿ ಇಟ್ಟು ಸಹಸಂಬಂಧ ತೋರಿಸಿ. ಒಂದು ಕಿಟ್ಟು ಯಾವಾಗಲೂ ಇನ್ನೊಂದರ ದುಪ್ಪಟ್ಟು ಅಂಕಿ ಕೊಟ್ಟರೂ ಸಹಸಂಬಂಧ ಪೂರ್ಣವಾಗಿಯೇ ಬರುತ್ತದೆ. ಸಹಸಂಬಂಧ ಬೇರೆ, ಹೊಂದಾಣಿಕೆ ಬೇರೆ ಎಂದು ಬ್ಲಾಂಡ್ ಮತ್ತು ಆಲ್ಟ್‌ಮನ್ 1986ರಲ್ಲೇ ಲ್ಯಾನ್ಸೆಟ್ ಪತ್ರಿಕೆಯಲ್ಲಿ ವಿವರಿಸಿದ್ದಾರೆ. ಅಷ್ಟು ಹಳೆಯ ಪ್ರಬಂಧವನ್ನು ಯಾರೂ ಓದಿರುವುದಿಲ್ಲ ಎಂದು ನಂಬಿ ಮುಂದೆ ಹೋಗಿ.

ವಿಶ್ವಾಸ ವ್ಯಾಪ್ತಿಯನ್ನು ಮುದ್ರಿಸಬೇಡಿ. ಮೂವತ್ತು ನೆಗೆಟಿವ್ ಮಾದರಿಗಳಲ್ಲಿ ಮೂವತ್ತೂ ಸರಿ ಬಂದರೆ ನಿಮಗೆ ಕಾಣುವುದು ಶೇ. 100, ಲೆಕ್ಕ ಬಲ್ಲವನಿಗೆ ಕಾಣುವುದು ‘ನಿಜವಾದದ್ದು ಶೇ. 88ರಷ್ಟು ಕೆಳಗೂ ಇರಬಹುದು’ ಎಂಬುದು. ಒಂದೇ ಅಂಕಿಗೆ ಎರಡು ಮುಖ ತೋರಿಸಿ ಓದುಗರನ್ನು ಗೊಂದಲಕ್ಕೆ ದೂಡಬೇಡಿ.

ಹಂತ 8: ಪರೀಕ್ಷೆಯನ್ನು ಎಲ್ಲರಿಗೂ ಹಂಚಿ

ಕಿಟ್ಟು ಗೆದ್ದ ಮೇಲೆ ಅದನ್ನು ಸುಮ್ಮನೆ ಕೂರಿಸಬೇಡಿ. ಟಾಕ್ಸೋಪ್ಲಾಸ್ಮಾ, ರುಬೆಲ್ಲಾ, ಸೈಟೊಮೆಗಲೋ, ಹರ್ಪಿಸ್ ಎಲ್ಲವನ್ನೂ ಒಟ್ಟುಗೂಡಿಸಿ ‘ಟಾರ್ಚ್ ಪ್ಯಾನೆಲ್’ ಮಾಡಿ. ದದ್ದು ಎದ್ದವರಿಗೆ, ಏಳದವರಿಗೆ, ರೋಗಿಯ ಹತ್ತಿರ ಹೋದವರಿಗೆ, ಹೋಗದವರಿಗೆ, ಮೇಲಿಂದ ಮೇಲೆ ಗರ್ಭಪಾತವಾಗಿ ಸದ್ಯಕ್ಕೆ ಬಸುರಿಯೂ ಅಲ್ಲದವರಿಗೆ ಬರೆದುಕೊಡಿ. ಎಂದೋ ಬಂದುಹೋದ ರುಬೆಲ್ಲಾದ ಐಜಿಜಿ ಪಾಸಿಟಿವ್ ಎಂದರೆ ರಕ್ಷಣೆ ಇದೆ ಎಂಬ ಶುಭವಾರ್ತೆ. ಅದನ್ನೂ ಕೆಂಪು ಶಾಯಿಯಲ್ಲೇ ಮುದ್ರಿಸಿ.

ಐಜಿಎಂ ಲೆಕ್ಕವನ್ನು ಬಾಯಿಬಿಡಬೇಡಿ. ಸಾವಿರ ಬಸುರಿಯರಲ್ಲಿ ಒಬ್ಬಳಿಗೆ ಮಾತ್ರ ಹೊಸ ಸೋಂಕು ಇದೆ ಎಂದುಕೊಳ್ಳಿ. ಕಿಟ್ಟಿನ ನಿರ್ದಿಷ್ಟತೆ ಶೇ. 98 ಎಂದುಕೊಳ್ಳಿ. ಸೋಂಕಿಲ್ಲದ 999 ಮಂದಿಯಲ್ಲಿ ಸುಮಾರು ಇಪ್ಪತ್ತು ಜನರಿಗೂ ಪಾಸಿಟಿವ್ ಬರುತ್ತದೆ. ಅಂದರೆ ಕೆಂಪು ಶಾಯಿಯ ವರದಿ ಹಿಡಿದು ಮನೆಗೆ ಹೋಗುವ ಇಪ್ಪತ್ತೊಂದು ಮಂದಿಯಲ್ಲಿ ಇಪ್ಪತ್ತು ಜನರಿಗೆ ಏನೂ ಆಗಿಲ್ಲ. ಮಗುವನ್ನು ಉಳಿಸಿಕೊಳ್ಳಬೇಕೋ ಬೇಡವೋ ಎಂದು ಆ ಇಪ್ಪತ್ತು ಮನೆಗಳಲ್ಲಿ ನಡೆಯುವ ಮಾತು ಲ್ಯಾಬಿನವರೆಗೆ ಕೇಳಿಸುವುದಿಲ್ಲ. ವರದಿಯ ಕೆಳಗೆ, ಕಣ್ಣಿಗೆ ಕಾಣದಷ್ಟು ಸಣ್ಣ ಅಕ್ಷರದಲ್ಲಿ, ‘ವೈದ್ಯಕೀಯ ಲಕ್ಷಣಗಳೊಂದಿಗೆ ತಾಳೆ ನೋಡಿ’ ಎಂದು ಹಾಕಿ ಕೈ ತೊಳೆದುಕೊಳ್ಳಿ.

ತೊಂದರೆ ಮತ್ತು ಪರಿಹಾರ

*ತೊಂದರೆ:* ಎಷ್ಟು ಮಾದರಿ ಬಂದವು, ಎಷ್ಟು ಬಿಟ್ಟಿರಿ, ಏಕೆ ಬಿಟ್ಟಿರಿ ಎಂಬ ನಕ್ಷೆಯನ್ನು ಪರೀಕ್ಷಕರು ಕೇಳುತ್ತಿದ್ದಾರೆ. ಇಂಥ ಅಧ್ಯಯನಗಳನ್ನು ಹೇಗೆ ವರದಿ ಮಾಡಬೇಕೆಂದು ಹೇಳುವ ಸ್ಟಾರ್ಡ್ ಮಾರ್ಗಸೂಚಿಯ ಹೆಸರು ಹೇಳುತ್ತಿದ್ದಾರೆ. *ಪರಿಹಾರ:* 2003ರಿಂದಲೂ ಇರುವ ಆ ಮಾರ್ಗಸೂಚಿಗೆ ನಿಮ್ಮ ಹೃತ್ಪೂರ್ವಕ ಬೆಂಬಲ ಸೂಚಿಸಿ. ನಕ್ಷೆಯನ್ನು 88ರಿಂದ ಶುರುಮಾಡಿ.

*ತೊಂದರೆ:* ಬೇರೊಂದು ಲ್ಯಾಬಿನಲ್ಲಿ ಅದೇ ಕಿಟ್ಟು ನಿಮ್ಮಷ್ಟು ಚೆನ್ನಾಗಿ ಕೆಲಸ ಮಾಡುತ್ತಿಲ್ಲ. *ಪರಿಹಾರ:* ಅವರ ಫ್ರಿಜ್ಜಿನ ಉಷ್ಣತೆಯ ಬಗ್ಗೆ ಕಳಕಳಿಯಿಂದ ವಿಚಾರಿಸಿ.

*ತೊಂದರೆ:* ನಿಮ್ಮ ಸೊಸೆಗೆ ಎರಡು ತಿಂಗಳು. ದದ್ದಿಲ್ಲ, ಜ್ವರವಿಲ್ಲ. ನಿಮ್ಮದೇ ಯಂತ್ರದಲ್ಲಿ ಐಜಿಎಂ ದುರ್ಬಲ ಪಾಸಿಟಿವ್ ಬಂದಿದೆ. *ಪರಿಹಾರ:* ಮನೆಯಲ್ಲಿ ಯಾರಿಗೂ ಹೇಳಿ ಹೆದರಿಸಬೇಡಿ. ಮದುವೆಗೆ ಮುಂಚಿನ ಐಜಿಜಿ ವರದಿ, ಲಸಿಕೆಯ ಕಾರ್ಡು ಹುಡುಕಿ ತೆಗೆಸಿ. ಅದೇ ರಕ್ತವನ್ನು ಬೇರೆ ತತ್ತ್ವದ ಮೇಲೆ ಕೆಲಸ ಮಾಡುವ ಇನ್ನೊಂದು ಐಜಿಎಂ ಪರೀಕ್ಷೆಗೆ ಕಳಿಸಿ. ಐಜಿಜಿ ಅವಿಡಿಟಿ ಮಾಡಿಸಿ: ಪ್ರತಿಕಾಯದ ಹಿಡಿತ ಗಟ್ಟಿಯಾಗಿದ್ದರೆ ಸೋಂಕು ಹಳೆಯದು, ಸಡಿಲವಾಗಿದ್ದರೆ ಹೊಸದಿರಬಹುದು. ಎರಡು ಮೂರು ವಾರ ಬಿಟ್ಟು ಮತ್ತೊಮ್ಮೆ ರಕ್ತ ತೆಗೆಸಿ, ಎರಡು ಮಾದರಿಗಳನ್ನೂ ಒಂದೇ ದಿನ, ಒಂದೇ ತಟ್ಟೆಯಲ್ಲಿ, ಯಾವುದು ಯಾರದೆಂದು ತಿಳಿಯದ ಕೈಯಿಂದ ಓದಿಸಿ. ಹಿರಿಯ ವೈರಾಣು ತಜ್ಞರೊಬ್ಬರನ್ನು ಕಂಡು ಮಾತಾಡಿ. ಅಲ್ಲಿಯವರೆಗೆ ಯಾವ ನಿರ್ಧಾರಕ್ಕೂ ಒಪ್ಪಬೇಡಿ, ನೂರಕ್ಕೆ ನೂರು ಎಂದು ಯಾರು ಹೇಳಿದರೂ ಕಿವಿಗೆ ಹಾಕಿಕೊಳ್ಳಬೇಡಿ.

ಆ ಐಜಿಎಂ ಸುಳ್ಳೆಂದು ಖಚಿತವಾದ ಮೇಲೆ ಮನೆಗೆ ಸಿಹಿ ಕೊಂಡೊಯ್ಯಿರಿ. ಆದರೆ ಆ ಮಾದರಿಯನ್ನು ಅಧ್ಯಯನಕ್ಕೆ ಸೇರಿಸಬೇಡಿ. 89ರಲ್ಲಿ 88 ಆಗಿಬಿಡುತ್ತದೆ.